ಕಲ್ಲಿನ ಬೆನ್ನು

ಈಗ ಗೃಹಪ್ರವೇಶಕ್ಕೆ ಹೋದರೆ ಬಚ್ಚಲನ್ನೂ ತೋರಿಸುತ್ತಾರೆ. ಹಿಂದೆ ಹೀಗಿರಲಿಲ್ಲ. ದೇವರ ಮನೆ, ಅಡುಗೆ ಮನೆ ನೋಡಿಸಿದರೆ ಮುಗಿಯಿತು. ಬಚ್ಚಲು ಹಿತ್ತಲ ಕಡೆಯದು, ಬೇಕಾದವರು ಕೇಳಿಕೊಂಡು ಹೋಗುವ ಜಾಗ. ಈಗ ಊಟಕ್ಕೆ ಕರೆಯುವ ಮುಂಚೆಯೇ ಮನೆಯವರು ಬಾಗಿಲು ತೆಗೆದು, ದೀಪ ಹಾಕಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಒಳಗೆ ನೆಲದಿಂದ ಸೂರಿನವರೆಗೂ ಕಲ್ಲು. ಬಂದವರು ಅಂಗೈಯಿಂದ ಗೋಡೆ ಸವರುತ್ತಾರೆ. ಚದರಡಿಗೆ ಎಷ್ಟು ಬಿತ್ತು ಎಂದು ವಿಚಾರಿಸುತ್ತಾರೆ. ಜಿಗಣಿಯಲ್ಲಿ ಆರಿಸಿದ್ದೋ, ಕಿಶನ್‌ಗಢದಿಂದ ತರಿಸಿದ್ದೋ ಎಂದು ಕೇಳುತ್ತಾರೆ. ಇಷ್ಟು ಭಾರದ ಕಲ್ಲು ಗೋಡೆಗೆ ಹೇಗೆ ನಿಂತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನನಗೆ ಈ ಕೇಳದೆ ಉಳಿದ ಪ್ರಶ್ನೆಯೇ ಮುಖ್ಯ ಅನ್ನಿಸುತ್ತದೆ. ಕವಿತೆಯ ಬಗ್ಗೆ, ಸಿನಿಮಾದ ಬಗ್ಗೆ ನಾವು ವಾರಕ್ಕೊಂದು ವಿಮರ್ಶೆ ಬರೆಯುತ್ತೇವೆ. ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ ಯಾವ ಗೋಡೆಯ ಪಕ್ಕ ನಿಲ್ಲುತ್ತೇವೋ ಅದರ ಬಗ್ಗೆ ಬರೆಯುವುದಿಲ್ಲ. ಬರೆದರೂ ಅದು ಬಣ್ಣ, ಹೊಳಪು, ಎಳೆಗಳ ವರ್ಣನೆ; ಮುಖದ ವಿಮರ್ಶೆ. ಬಚ್ಚಲ ಗೋಡೆಯ ಕಲ್ಲಿಗೆ ಮುಖ ನೋಡಿ ಬೆಲೆ ಕಟ್ಟಿದರೆ ಸಾಲದು, ಅದನ್ನು ಬೆನ್ನಿನಿಂದ ಓದಬೇಕು ಎನ್ನುವುದು ನನ್ನ ವಾದ. ಅದರ ಗುಣ, ದೋಷ, ಅದನ್ನು ಮಾಡಿದವರ ಪ್ರಾಮಾಣಿಕತೆ, ಮಾಡಿಸಿದವರ ಜಿಪುಣತನ ಎಲ್ಲವೂ ಇರುವುದು ನಮಗೆ ಎಂದೂ ಕಾಣದ ಆ ಬದಿಯಲ್ಲಿ.

ಮೊದಲು ಕಲ್ಲು ನಮ್ಮ ಬಚ್ಚಲಲ್ಲಿ ಎಲ್ಲಿತ್ತು ಎಂದು ನೆನೆದುಕೊಳ್ಳೋಣ. ಅದು ಕಾಲ ಕೆಳಗಿತ್ತು. ಮೀಯುವುದಕ್ಕೆ ಒಂದು ಚಪ್ಪಡಿ, ಬಟ್ಟೆ ಒಗೆಯುವುದಕ್ಕೆ ಇಳಿಜಾರಾದ ಒಂದು ಕಲ್ಲು, ಹಂಡೆಯ ಒಲೆಗೆ ಆನಿಸಿದ ಒಂದೆರಡು ಕಲ್ಲು. ಕಲಬುರಗಿ ಕಡೆಯಾದರೆ ಶಹಾಬಾದ್ ಕಲ್ಲು, ಬೇರೆ ಕೆಲವು ಕಡೆ ಕಡಪ ಕಲ್ಲು. ಗೋಡೆಗೆ ಸುಣ್ಣ, ಆಮೇಲೆ ಸಿಮೆಂಟು. ಕಲ್ಲು ಗೋಡೆಯಾದದ್ದೂ ಉಂಟು. ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಗಳಲ್ಲಿ ಆಳೆತ್ತರದ ಕಲ್ಲು ಚಪ್ಪಡಿಗಳನ್ನು ಸಾಲಾಗಿ ನೆಲಕ್ಕೆ ಹೂತು ನಿಲ್ಲಿಸಿದ ಬೇಲಿಗಳು, ಕೊಟ್ಟಿಗೆಗಳು, ಬಚ್ಚಲುಗಳು ಇವತ್ತಿಗೂ ಕಾಣುತ್ತವೆ. ಆ ಚಪ್ಪಡಿಯ ಒಂದು ಪಾಲು ಮಣ್ಣಿನೊಳಗಿರುತ್ತದೆ. ಅದರ ಭಾರವೇ ಅದನ್ನು ನಿಲ್ಲಿಸುತ್ತದೆ. ಒಳಗಿನಿಂದ ನೋಡಿದರೂ ಹೊರಗಿನಿಂದ ನೋಡಿದರೂ ಅದೇ ಕಲ್ಲು. ಮುಖ ಬೆನ್ನು ಎನ್ನುವ ಭೇದವೇ ಅದಕ್ಕಿಲ್ಲ.

ಈಗಿನ ಬಚ್ಚಲಲ್ಲಿ ಕಲ್ಲು ನಿಂತಿಲ್ಲ, ಅಂಟಿಕೊಂಡಿದೆ. ಹಿಂದೆ ಭಾರವೇ ಕಲ್ಲಿನ ಯೋಗ್ಯತೆಯಾಗಿತ್ತು. ಈಗ ಆ ಭಾರವೇ ಅದರ ತೊಡಕು. ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಗ್ರಾನೈಟಿನ ತೂಕ ನೀರಿನ ಸುಮಾರು 2.7 ಪಟ್ಟು. 20 ಮಿಲಿಮೀಟರ್ ದಪ್ಪದ ಚಪ್ಪಡಿ ಎಂದರೆ ಚದರ ಮೀಟರಿಗೆ 54 ಕೆ.ಜಿ. ಎರಡಡಿಗೆ ಎರಡಡಿಯ ಒಂದು ತುಂಡು 20 ಕೆ.ಜಿ. ತೂಗುತ್ತದೆ, ಅದೇ ಅಳತೆಯ ಮಾಮೂಲಿ ಸೆರಾಮಿಕ್ ಟೈಲು ಆರೇಳು ಕೆ.ಜಿ. ಆರಡಿ ಅಗಲ, ಎಂಟಡಿ ಎತ್ತರದ ಒಂದು ಗೋಡೆಗೆ ಈ ಕಲ್ಲು ಹೊದಿಸಿದರೆ ಸುಮಾರು 240 ಕೆ.ಜಿ. ಆಯಿತು. ಹೆಚ್ಚುಕಡಿಮೆ ಐದು ಮೂಟೆ ಸಿಮೆಂಟು ಒಂದು ಗೋಡೆಯ ಮೈಗೆ ಜೋತುಬಿದ್ದ ಹಾಗೆ. ಅದರ ಕೆಳಗೆ ಕಣ್ಣಿಗೆ ಸೋಪು ಹೋಗಿ ಕಣ್ಣು ಮುಚ್ಚಿಕೊಂಡ ಮಗುವೊಂದು ನಿಂತಿರುತ್ತದೆ.

ಇಲ್ಲಿ ಹೆದರಿಸುವುದು ನನ್ನ ಉದ್ದೇಶವಲ್ಲ. ಅಂಟು ದುರ್ಬಲ ಎಂದೂ ನಾನು ಹೇಳುತ್ತಿಲ್ಲ. ಒಳ್ಳೆಯ ದರ್ಜೆಯ ಸಿಮೆಂಟ್ ಆಧಾರಿತ ಅಂಟಿಗೆ ಯುರೋಪಿನ ಮಾನಕ ಕೇಳುವ ಹಿಡಿತ ಚದರ ಮಿಲಿಮೀಟರಿಗೆ 1 ನ್ಯೂಟನ್. ಕೇಳುವುದಕ್ಕೆ ಪುಟ್ಟ ಅಂಕಿ, ಆದರೆ ಚದರ ಮೀಟರಿಗೆ ಲೆಕ್ಕ ಹಾಕಿದರೆ ಅದು ನೂರು ಟನ್ನಿನ ಎಳೆತ. 54 ಕೆ.ಜಿ. ಅದರ ಮುಂದೆ ಏನೇನೂ ಅಲ್ಲ. ನಮ್ಮಲ್ಲೂ ಟೈಲ್ ಅಂಟುಗಳನ್ನು ಐದು ಬಗೆಯಾಗಿ ವಿಂಗಡಿಸುವ ಐಎಸ್ 15477 ಎನ್ನುವ ಮಾನಕ ಇದೆ. ಹಾಗಿದ್ದೂ ಕಲ್ಲು ಯಾಕೆ ಕಳಚುತ್ತದೆ? ಕಲ್ಲಿನ ಹಿಂದೆ ಅಂಟು, ಅಂಟಿನ ಹಿಂದೆ ನೀರು ತಡೆಯುವ ಲೇಪ, ಅದರ ಹಿಂದೆ ಪ್ಲಾಸ್ಟರು, ಅದರ ಹಿಂದೆ ಇಟ್ಟಿಗೆಯೋ ಬ್ಲಾಕೋ ಇರುತ್ತದೆ. ಇದು ಒಬ್ಬರ ಕೈ ಒಬ್ಬರು ಹಿಡಿದು ನಿಂತ ಸಾಲು. ಸಾಲಿನಲ್ಲಿ ಯಾರ ಕೈ ಸಡಿಲವೋ ಅವರದೇ ತೀರ್ಮಾನ. ಹಳೆಯ ಬಣ್ಣದ ಪದರದ ಮೇಲೆ ಅಂಟು ಹಚ್ಚಿದರೆ ಕಲ್ಲು ಹಿಡಿದುಕೊಂಡಿರುವುದು ಗೋಡೆಯನ್ನಲ್ಲ, ಬಣ್ಣವನ್ನು. ಧೂಳು ಒರೆಸದೆ ಹಚ್ಚಿದರೆ ಧೂಳನ್ನು. ಮರಳು ಉದುರುವ ಪ್ಲಾಸ್ಟರಿನ ಮೇಲೆ ಎಂಥ ಅಂಟು ಹಾಕಿದರೂ ಬೀಳುವಾಗ ಅದು ಪ್ಲಾಸ್ಟರಿನ ಹೊಪ್ಪಳಿಕೆಯನ್ನೂ ಕಿತ್ತುಕೊಂಡೇ ಬೀಳುತ್ತದೆ. ಬ್ರಿಟನ್ನಿನ ಟೈಲ್ ಕೆಲಸದಲ್ಲಿ ಇದಕ್ಕೊಂದು ಮಿತಿ ಇದೆ: ಜಿಪ್ಸಮ್ ಪ್ಲಾಸ್ಟರಿನ ಮೇಲೆ ಅಂಟೂ ಸೇರಿ ಚದರ ಮೀಟರಿಗೆ 20 ಕೆ.ಜಿ.ಗಿಂತ ಹೆಚ್ಚು ಹೊರಿಸಬಾರದು. ನಮ್ಮ 54 ಕೆ.ಜಿ.ಯನ್ನು ಆ ಮಿತಿಯ ಪಕ್ಕ ಇಟ್ಟು ನೋಡಿ.

ಇನ್ನು ಹಚ್ಚುವ ಬಗೆ. ನಮ್ಮಲ್ಲಿ ಬಹಳ ಕಡೆ ಕಲ್ಲಿನ ಹಿಂದೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಮುದ್ದೆ ಇಟ್ಟು ಗೋಡೆಗೆ ಒತ್ತಿಬಿಡುತ್ತಾರೆ. ಗೋಡೆ ಸೊಟ್ಟಗಿದ್ದರೂ ಮುದ್ದೆ ಸರಿದೂಗಿಸುತ್ತದೆ, ರಸಮಟ್ಟ ಹಿಡಿದರೆ ಮುಖ ನೆಟ್ಟಗೆ ಕಾಣುತ್ತದೆ. ಹಿಂದೆ ಮುದ್ದೆಗಳ ನಡುವೆ ಎಲ್ಲ ಪೊಳ್ಳು. ನೀರಿನ ಜಾಗದಲ್ಲಿ ಕಲ್ಲಿನ ಬೆನ್ನಿನ ಕನಿಷ್ಠ 95 ಪಾಲಿಗೆ ಅಂಟು ತಾಗಿರಬೇಕು ಎನ್ನುವುದು ಅಮೆರಿಕದ ಟೈಲ್ ಕೆಲಸದ ಮಾನಕ. ಐದು ಮುದ್ದೆಯ ಲೆಕ್ಕದಲ್ಲಿ ಅದರ ಅರ್ಧವೂ ಬರುವುದು ಅನುಮಾನ. ಗ್ರೌಟಿನ ಸಂದಿಯಿಂದ ಇಳಿದ ನೀರು ಆ ಪೊಳ್ಳಿನಲ್ಲಿ ಕೂರುತ್ತದೆ. ಕಲ್ಲಿನ ಅಂಚಿನಲ್ಲಿ ಕಪ್ಪು ಚೌಕಟ್ಟಿನಂತೆ ತೇವ ಮೂಡುತ್ತದೆ, ಉಪ್ಪು ಬಿಳಿಯಾಗಿ ಹೊರಬರುತ್ತದೆ. ದಿನಕ್ಕೆರಡು ಸಲ ಬಿಸಿನೀರಿಗೆ ಹಿಗ್ಗಿ ಆಮೇಲೆ ಕುಗ್ಗುವ ಕಲ್ಲು, ಅದರಷ್ಟೇ ಹಿಗ್ಗದ ಕುಗ್ಗದ ಗೋಡೆ, ಇವೆರಡರ ಜಗಳವೆಲ್ಲ ಆ ಐದು ಮುದ್ದೆಯ ತಲೆಯ ಮೇಲೆ. ಸರಿಯಾದ ವಿಧಾನ ಗುಟ್ಟಿನದೇನಲ್ಲ. ಗೋಡೆಯನ್ನು ಮೊದಲೇ ಮಟ್ಟ ಮಾಡಿಕೊಳ್ಳಬೇಕು. ಹಲ್ಲಿರುವ ಕರಣೆಯಿಂದ ಗೋಡೆಗೆ ಒಂದೇ ದಿಕ್ಕಿನಲ್ಲಿ ಅಂಟು ಎಳೆಯಬೇಕು, ಕಲ್ಲಿನ ಬೆನ್ನಿಗೂ ತೆಳುವಾಗಿ ಸವರಬೇಕು. ಕೆಳಗಿನ ಸಾಲಿಗೆ ಊರೆ ಕೊಟ್ಟು, ಅದು ಬಿಗಿದ ಮೇಲೆ ಮುಂದಿನ ಸಾಲಿಗೆ ಹೋಗಬೇಕು. ನಡುನಡುವೆ ಆಗಷ್ಟೇ ಕೂರಿಸಿದ ಒಂದು ಕಲ್ಲನ್ನು ಕಿತ್ತು ಬೆನ್ನು ನೋಡಬೇಕು. ಎತ್ತರಕ್ಕೆ ಹೋಗುವ ದೊಡ್ಡ ಕಲ್ಲಿಗೆ ಅಂಟಿನ ಜೊತೆ ಸ್ಟೀಲಿನ ಪಿನ್ನೋ ಕೊಕ್ಕೆಯೋ ಬೇಕು. ಇದೆಲ್ಲಕ್ಕೂ ಹೊತ್ತು ಹಿಡಿಯುತ್ತದೆ, ತೊಡಕಿರುವುದು ಅಲ್ಲಿ.

ಬೆನ್ನುಗಳಲ್ಲೂ ಜಾತಿಗಳಿವೆ. ಗರಗಸದ ಗುರುತು ಉಳಿದ ಗ್ರಾನೈಟಿನ ಬೆನ್ನು ಒರಟು. ಆದರೆ ಅದರ ಮೇಲೆ ಕಲ್ಲು ಕೊಯ್ದಾಗಿನ ಸಣ್ಣ ಕೆಸರು ಒಣಗಿ ಕೂತಿರುತ್ತದೆ, ತೊಳೆಯದಿದ್ದರೆ ಅಂಟಿಗೆ ಸಿಗುವುದು ಆ ಕೆಸರೇ. ದುಬಾರಿ ಇಟಾಲಿಯನ್ ಮಾರ್ಬಲ್ಲಿಗೆ ಬಹಳ ಸಲ ಬೆನ್ನಿನಲ್ಲಿ ನಾರಿನ ಬಲೆಯೊಂದನ್ನು ರೆಸಿನ್ನಿನಲ್ಲಿ ಅಂಟಿಸಿರುತ್ತಾರೆ. ಒಳಗೇ ಬಿರುಕಿರುವ ಕಲ್ಲು ಸಾಗಿಸುವಾಗ ಒಡೆಯದಿರಲಿ ಎಂದು. ಅದರ ಮೇಲೆ ಸಿಮೆಂಟ್ ಹಚ್ಚಿದರೆ ಸಿಮೆಂಟು ಹಿಡಿಯುವುದು ಬಲೆಯನ್ನು, ಕಲ್ಲನ್ನಲ್ಲ. ಬಲೆ ತೆಗೆಯಬೇಕು, ಇಲ್ಲವೇ ಎಪಾಕ್ಸಿ ಬಳಸಬೇಕು. ರಾಜಸ್ಥಾನದ ಹಸಿರು ಮಾರ್ಬಲ್ ಎಂದು ನಾವು ಕೊಳ್ಳುವುದು ನಿಜಕ್ಕೂ ಸರ್ಪೆಂಟೈನ್ ಜಾತಿಯ ಕಲ್ಲು. ನೀರಿನಲ್ಲಿ ಕಲಸಿದ ಅಂಟು ಹಚ್ಚಿದರೆ ತೇವ ಕುಡಿದು ಹಪ್ಪಳದ ಹಾಗೆ ಡೊಂಕಾಗುತ್ತದೆ. ಬಿಳಿಯ ಮಾರ್ಬಲ್ಲಿಗೆ ಬೂದು ಸಿಮೆಂಟ್ ಹಚ್ಚಿದರೆ ಬೂದಿಯ ನೆರಳು ಮುಖಕ್ಕೆ ಬರುತ್ತದೆ. ಅದಕ್ಕೆ ಬಿಳಿ ಅಂಟೇ ಆಗಬೇಕು. ಬೆನ್ನಿನ ತಪ್ಪು ಕೊನೆಗೆ ಮುಖಕ್ಕೆ ಬಂದೇ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಹಾಗಾದರೆ ಗೋಡೆಗೆ ಕಲ್ಲು ಹೊದಿಸುವುದೇ ಒಂದು ಸುಳ್ಳೇ? ಹಾಗೆನ್ನುವವರಿದ್ದಾರೆ. ಕಲ್ಲು ಕಲ್ಲಿನ ಕೆಲಸ ಮಾಡಬೇಕು, ಭಾರ ಹೊರಬೇಕು, ಇಟ್ಟಿಗೆಗೆ ಕಲ್ಲಿನ ವೇಷ ಹಾಕಬಾರದು ಎಂದು. ನಾನು ಆ ಪಂಥದವನಲ್ಲ. ಆ ಮಾತನ್ನು ಒಪ್ಪಿದರೆ ತಾಜ್ ಮಹಲನ್ನೂ ಬಿಡಬೇಕಾಗುತ್ತದೆ. ಅದರ ಬಿಳಿ ಅಮೃತಶಿಲೆಯ ಒಳಗಿರುವುದು ಇಟ್ಟಿಗೆ. ಆದರೆ ಅಲ್ಲಿನ ಕೆಲಸಗಾರರು ಚಪ್ಪಡಿಯನ್ನು ಸುಮ್ಮನೆ ಒತ್ತಿ ಬಿಟ್ಟಿಲ್ಲ. ಅಗಲವಾದ ಕಲ್ಲಿನ ನಡುನಡುವೆ ಇಟ್ಟಿಗೆಯೊಳಕ್ಕೆ ಬಾಲ ಚಾಚುವ ಕಲ್ಲುಗಳನ್ನು ಸೇರಿಸಿ ಮುಖವನ್ನೂ ಒಡಲನ್ನೂ ಹೆಣೆದಿದ್ದಾರೆ. ಹೊದಿಕೆ ತಪ್ಪಲ್ಲ, ಹೆಣಿಗೆಯಿಲ್ಲದ ಹೊದಿಕೆ ತಪ್ಪು.

ಈ ವಾದಕ್ಕೆ ಹಳೆಯ ಪೀಠಿಕೆ ಇದೆ. 1898ರಲ್ಲಿ ವಿಯೆನ್ನಾದ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಹೊದಿಕೆಯ ತತ್ವ ಎನ್ನುವ ಲೇಖನ ಬರೆದ. ಮನುಷ್ಯನಿಗೆ ಮೊದಲು ಬೇಕಾದದ್ದು ಬೆಚ್ಚಗಿನ ಹೊದಿಕೆ, ಅದನ್ನು ಎತ್ತಿ ಹಿಡಿಯುವುದಕ್ಕೆ ಆಮೇಲೆ ಗೋಡೆ ಬಂತು ಎನ್ನುವುದು ಅವನ ನಿಲುವು. ಹೊದಿಸು, ಆದರೆ ಹೊದಿಕೆಯನ್ನು ಒಳಗಿನ ವಸ್ತುವೆಂದು ಯಾರೂ ತಪ್ಪು ತಿಳಿಯದ ಹಾಗೆ ಹೊದಿಸು ಎನ್ನುವುದು ಅವನು ಹಾಕಿದ ನಿಯಮ. ಮರಕ್ಕೆ ಯಾವ ಬಣ್ಣ ಬೇಕಾದರೂ ಹಚ್ಚಬಹುದು, ಮರದ ಬಣ್ಣವನ್ನು ಮಾತ್ರ ಹಚ್ಚಬಾರದು ಎನ್ನುವಷ್ಟು ಕಟ್ಟುನಿಟ್ಟು. ಅದೇ ಊರಿನಲ್ಲಿ ಆಟೊ ವಾಗ್ನರ್ 1904ರಿಂದ 1906ರ ನಡುವೆ ಅಂಚೆ ಉಳಿತಾಯ ಬ್ಯಾಂಕಿನ ಕಟ್ಟಡ ಕಟ್ಟಿದ. ಹೊರಗೋಡೆಯ ಕಲ್ಲು ಚಪ್ಪಡಿಗಳ ಮೇಲೆ ಬೋಲ್ಟುಗಳ ಅಲ್ಯೂಮಿನಿಯಂ ತಲೆಗಳು ಸಾಲಾಗಿ ಹೊಳೆಯುತ್ತವೆ. ಚಪ್ಪಡಿ ಕೂತಿರುವುದು ಗಾರೆಯಲ್ಲೇ; ಗಾರೆ ಬಿಗಿದ ಮೇಲೆ ಬೋಲ್ಟಿಗೆ ಹೆಚ್ಚು ಕೆಲಸವಿಲ್ಲ. ಹಾಗಿದ್ದರೂ ವಾಗ್ನರ್ ಅವನ್ನು ಮುಚ್ಚಲಿಲ್ಲ. ಇದು ನಿಂತ ಕಲ್ಲಲ್ಲ, ತೂಗುಹಾಕಿದ ಕಲ್ಲು ಎಂದು ಬೀದಿಯಲ್ಲಿ ಹೋಗುವವರಿಗೆ ಹೇಳಿದ. ಆ ಬೋಲ್ಟು ಅಲಂಕಾರವೆಂದು ಮೂಗು ಮುರಿಯುವವರಿದ್ದಾರೆ. ಕಲ್ಲು ಯಾವುದರ ಹಂಗಿನಲ್ಲಿದೆ ಎಂದು ಹೇಳುವ ಅಲಂಕಾರ ನನಗೆ ಒಪ್ಪಿಗೆ.

ಈ ಅಳತೆಗೋಲು ಹಿಡಿದು ನಮ್ಮ ಬಚ್ಚಲಿಗೆ ಬಂದರೆ ನನ್ನ ತಕರಾರು ಗೋಡೆಯ ನಡುವೆ ಇಲ್ಲ, ಮೂಲೆಯಲ್ಲಿದೆ. ಎರಡು ಚಪ್ಪಡಿ ಸೇರುವ ಹೊರಮೂಲೆಯಲ್ಲಿ, ನೀರಿನ ಕಟ್ಟೆಯ ಅಂಚಿನಲ್ಲಿ, ಕಿಟಕಿಯ ಪಕ್ಕದಲ್ಲಿ ಕಲ್ಲಿನ ದಪ್ಪ ಕಾಣಬಾರದೆಂದು ಎರಡರ ಅಂಚನ್ನೂ 45 ಡಿಗ್ರಿಗೆ ಉಜ್ಜಿ ಕೂಡಿಸುತ್ತಾರೆ. ಜಾಣ ಕೆಲಸ. ದೂರದಿಂದ ನೋಡಿದರೆ ಇಡೀ ಮೂಲೆ ಒಂದೇ ಬಂಡೆಯಿಂದ ಕೆತ್ತಿದಂತೆ ಕಾಣುತ್ತದೆ. ಲೋಸ್‌ನ ನಿಯಮ ಮುರಿಯುವುದು ಅಲ್ಲಿ: ಹೊದಿಕೆ ತಾನೇ ಒಡಲು ಎಂದು ನಟಿಸುತ್ತದೆ. ಆ ನಟನೆಗೆ ಬೆಲೆಯೂ ಉಂಟು. ಉಜ್ಜಿದ ಅಂಚು ಚಾಕುವಿನಷ್ಟು ತೆಳ್ಳಗಾಗಿ ತಂಬಿಗೆ ತಾಗಿದರೂ ಚಕ್ಕೆ ಏಳುತ್ತದೆ, ಆ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಒಂದು ಕಲ್ಲಿನ ಅಂಚನ್ನು ಪಾಲಿಶ್ ಮಾಡಿ ಇನ್ನೊಂದರ ಮೇಲೆ ಹಾಯಿಸಿ ಬಿಟ್ಟರೆ ದಪ್ಪ ಕಾಣುತ್ತದೆ, ಜೋಡಣೆ ಕಾಣುತ್ತದೆ, ಮೂಲೆ ಗಟ್ಟಿಯಾಗಿಯೂ ಇರುತ್ತದೆ. ನಮ್ಮ ರುಚಿಗೆ ಅದು ಹಳ್ಳಿಗಮಾರು. ಇಲ್ಲಿ ಸೋತಿರುವುದು ನಮ್ಮ ರುಚಿಯೇ.

ಬಂಡೆಯೇ ಬೇಕು ಎನ್ನುವವರಿಗೆ ದಾರಿ ಇಲ್ಲದಿಲ್ಲ. ಸ್ವಿಟ್ಜರ್ಲೆಂಡಿನ ವಾಲ್ಸ್ ಎಂಬ ಬೆಟ್ಟದ ಹಳ್ಳಿಯಲ್ಲಿ ಪೀಟರ್ ಜುಮ್ಥೋರ್ ಕಟ್ಟಿದ ಸ್ನಾನಗೃಹ 1996ರಲ್ಲಿ ತೆರೆಯಿತು. ಅಲ್ಲೇ ಸಿಗುವ ಕ್ವಾರ್ಟ್ಸೈಟ್ ಕಲ್ಲಿನ ಸುಮಾರು 60,000 ಪಟ್ಟಿಗಳು. ಮೂರು ದಪ್ಪದ ಪಟ್ಟಿಗಳನ್ನು ಸಂದಿಯೂ ಸೇರಿ ಪ್ರತಿ ಸಲ 15 ಸೆಂಟಿಮೀಟರ್ ಬರುವಂತೆ ಒಂದರ ಮೇಲೊಂದು ಪೇರಿಸಿ, ಹಿಂದಿನಿಂದ ಕಾಂಕ್ರೀಟ್ ಸುರಿದಿದ್ದಾರೆ. ಕಲ್ಲು ಅಲ್ಲಿ ಚರ್ಮವಲ್ಲ, ಗೋಡೆಯ ಮಾಂಸ. ಕೆಳಗಿನ ಪಟ್ಟಿ ಮೇಲಿನದನ್ನು ಹೊತ್ತಿದೆ. ನಮ್ಮ ನಲವತ್ತು ಚದರಡಿಯ ಬಚ್ಚಲಿಗೆ ಇದು ಆಗದ ಮಾತು ಎಂದು ಗೊತ್ತಿದೆ. ಗೋಡೆಯ ದಪ್ಪವೇ ಅರ್ಧ ಜಾಗ ನುಂಗುತ್ತದೆ. ಆದರೆ ಕಲ್ಲಿನ ಭಾರವನ್ನು ಒಪ್ಪಿಕೊಂಡು ಕಟ್ಟುವುದಕ್ಕೂ ಅದನ್ನು ಮರೆಮಾಚಿ ಕಟ್ಟುವುದಕ್ಕೂ ಇರುವ ಅಂತರ ಅಲ್ಲಿ ಕಾಣುತ್ತದೆ.

ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ಷಿಕಾಗೋ ಇದೆ. 1970ರ ದಶಕದ ಮೊದಲಲ್ಲಿ ಅಲ್ಲಿ ಎದ್ದ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಡಕ್ಕೆ ಇಟಲಿಯ ಕರಾರಾ ಮಾರ್ಬಲ್ಲಿನ ಸುಮಾರು 43,000 ಚಪ್ಪಡಿಗಳನ್ನು ಹೊದಿಸಿದ್ದರು. ಎತ್ತರದ ಕಟ್ಟಡಕ್ಕೆಂದು ಕಲ್ಲನ್ನು ತೆಳ್ಳಗೆ ಕೊಯ್ದಿದ್ದರು. ಮಾರ್ಬಲ್ಲಿನ ಹರಳುಗಳು ಬಿಸಿಗೆ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ಬಿಸಿಲು ಚಳಿಗಳ ಸುತ್ತಿನಲ್ಲಿ ಅವು ಒಂದಕ್ಕೊಂದು ಸಡಿಲವಾಗಿ ಚಪ್ಪಡಿ ಬಾಗುತ್ತದೆ. ಇಲ್ಲೂ ಹಾಗೇ ಬಾಗಿದವು. ಕೊನೆಗೆ 1990–92ರಲ್ಲಿ ಅಷ್ಟನ್ನೂ ಕಿತ್ತು ಗ್ರಾನೈಟ್ ಹಾಕಬೇಕಾಯಿತು. ಎಂಜಿನಿಯರುಗಳ ಪಡೆಯೇ ಇದ್ದ ಕಡೆ ಹೀಗಾಯಿತು. ನಮ್ಮ ಬಚ್ಚಲಲ್ಲಿ ಎಂಜಿನಿಯರಿಲ್ಲ. ಇರುವುದು ಒಬ್ಬ ಕೆಲಸಗಾರ, ಅವನಿಗೊಬ್ಬ ಸಹಾಯಕ.

ಬೆನ್ನಿನ ಕಥೆ ಅವನ ಕಥೆಯೂ ಹೌದು. ಅವನಿಗೆ ಕೂಲಿ ಸಾಮಾನ್ಯವಾಗಿ ಚದರಡಿಯ ಲೆಕ್ಕದಲ್ಲಿ. ಅಳೆಯುವುದು ಮುಖವನ್ನು. ಗೋಡೆ ತಟ್ಟಿ ಪೊಳ್ಳು ಪ್ಲಾಸ್ಟರ್ ಕೆತ್ತಿದ್ದು, ಕಲ್ಲಿನ ಬೆನ್ನು ತೊಳೆದದ್ದು, ಬಲೆ ಉಜ್ಜಿ ತೆಗೆದದ್ದು, ಒಂದು ಸಾಲು ಬಿಗಿಯಲಿ ಎಂದು ಅರ್ಧ ದಿನ ಕಾದದ್ದು ಯಾವುದೂ ಆ ಅಳತೆಗೆ ಸಿಗುವುದಿಲ್ಲ. ಐದು ಮುದ್ದೆ ಇಟ್ಟವನಿಗೂ ಪೂರ್ತಿ ಹಚ್ಚಿದವನಿಗೂ ಒಂದೇ ದರ. ಪೂರ್ತಿ ಹಚ್ಚಿದವನಿಗೆ ದಿನದ ಕೊನೆಗೆ ಚದರಡಿ ಕಡಿಮೆ. ಆಮೇಲೆ ಕಲ್ಲು ಸದ್ದು ಮಾಡಿದರೆ, ಕೆಲಸದವರು ಸರಿಯಿಲ್ಲ ಅನ್ನುತ್ತೇವೆ. ಮುಖಕ್ಕೆ ಮಾತ್ರ ದುಡ್ಡು ಕೊಡುವ ಲೆಕ್ಕ ಹಾಕಿದ್ದು ನಾವು.

ಧೂಳಿನ ಮಾತೂ ಇದೆ. ಕಿಟಕಿ ಇನ್ನೂ ಕೂರಿಸದ, ಗಾಳಿಯಾಡದ ಆ ಪುಟ್ಟ ಕೋಣೆಯಲ್ಲೇ ನಲ್ಲಿಗೆ ತೂತು, ಮೂಲೆಗೆ ಉಜ್ಜುವುದು ಎಲ್ಲ ನಡೆಯುತ್ತದೆ. ಗ್ರಾನೈಟಿನಲ್ಲಿ ಸ್ಫಟಿಕ ಶಿಲೆಯ ಪಾಲು ದೊಡ್ಡದು. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ವರ್ಷಗಟ್ಟಲೆ ಎದೆಗೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಬಂದ ಮೇಲೆ ಅದು ಗುಣವಾಗುವ ಕಾಯಿಲೆಯಲ್ಲ. ಕಲ್ಲಿನ ಕೆಲಸದವರೇ ಹೆಚ್ಚಾಗಿರುವ ರಾಜಸ್ಥಾನದ ಸರ್ಕಾರ 2019ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು. ಆಸ್ಟ್ರೇಲಿಯಾ, ಸಿಲಿಕಾ ಬಹಳವಾಗಿರುವ ಕೃತಕ ಕ್ವಾರ್ಟ್ಸ್ ಕಲ್ಲಿನ ಚಪ್ಪಡಿಗಳನ್ನು 2024ರ ಜುಲೈ 1ರಿಂದ ನಿಷೇಧಿಸಿತು. ನಮ್ಮ ಬಚ್ಚಲಲ್ಲಿ ಕಟಿಂಗ್ ಮಷೀನಿಗೆ ನೀರು ಬಿಡುವ ಒಂದು ಸಣ್ಣ ಪೈಪು, ಮುಖಕ್ಕೆ ಸರಿಯಾದ ಮಾಸ್ಕು ಇದ್ದರೆ ಎಷ್ಟೋ ಧೂಳು ಅಲ್ಲೇ ಅಡಗುತ್ತದೆ. ನೀರು ಬಿಟ್ಟರೆ ಕೆಸರಾಗುತ್ತದೆ ಎಂದು ಒಣಗಿದ್ದನ್ನೇ ಕೊಯ್ಯಿಸುತ್ತೇವೆ. ಮೂಲೆಯಲ್ಲಿ ದಪ್ಪ ಕಾಣಬಾರದು ಎನ್ನುವ ನಮ್ಮ ಆಸೆಯಿಂದ ಹೆಚ್ಚುವ ಅಷ್ಟೂ ಉಜ್ಜಾಟ ಯಾರ ಎದೆಗೆ ಹೋಗುತ್ತದೆ ಎನ್ನುವುದು ರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಲ್ಲು ಹಾಕಿಸಬೇಡಿ ಎನ್ನುವ ಉಪದೇಶಕ್ಕೆ ಇದನ್ನು ಬರೆಯುತ್ತಿಲ್ಲ. ನೀರು ಬಿದ್ದಾಗ ಬಣ್ಣ ಆಳವಾಗುವ, ಮುಟ್ಟಿದರೆ ತಣ್ಣಗಿರುವ ಕಲ್ಲು ಬಚ್ಚಲಿಗೆ ಒಪ್ಪುವಷ್ಟು ಬೇರೆ ಯಾವುದೂ ಒಪ್ಪುವುದಿಲ್ಲ. ಗೋಡೆ ಹೊರುವಷ್ಟೇ ಹಾಕಿಸೋಣ: 20 ಮಿಲಿಮೀಟರಿನ ಬದಲು 10, ಸೂರಿನವರೆಗೆ ಬೇಡ, ಎದೆಯೆತ್ತರ ಸಾಕು. ಬೇಕಿದ್ದರೆ ಪಿನ್ನಿನ ತಲೆ ಕಾಣಲಿ. ಬೆನ್ನಿನ ಕೆಲಸಕ್ಕೆ ಬೇರೆಯಾಗಿ ಕೂಲಿ ಮಾತಾಡೋಣ, ನಡುವೆ ಒಂದು ಕಲ್ಲು ಕಿತ್ತು ತೋರಿಸು ಎಂದು ಕೇಳೋಣ. ಕೇಳಿದರೆ ಒಳ್ಳೆಯ ಕೆಲಸಗಾರನಿಗೆ ಅವಮಾನವಾಗುವುದಿಲ್ಲ. ತನ್ನ ಕೆಲಸದ ಆ ಬದಿಯನ್ನೂ ನೋಡುವವರೊಬ್ಬರು ಸಿಕ್ಕರು ಎಂದು ಖುಷಿಯೇ ಆಗುತ್ತದೆ.

ಕೆಲಸ ಮುಗಿದ ಮೇಲೆ ನಮಗೆ ಉಳಿಯುವ ಉಪಕರಣ ಒಂದೇ, ಬೆರಳಿನ ಗೆಣ್ಣು. ಮಡಚಿ ಕಲ್ಲಿನ ಮೇಲೆ ತಟ್ಟಿದರೆ ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಟೊಳ್ಳು ಸದ್ದು. ಮೇಸ್ತ್ರಿಗಳು ಮೊದಲಿನಿಂದ ಮಾಡಿಕೊಂಡು ಬಂದ ವಿಮರ್ಶೆ ಇದು. ಮುಂದಿನ ಗೃಹಪ್ರವೇಶದಲ್ಲಿ ಬಚ್ಚಲು ತೋರಿಸಿದಾಗ ಸವರಬೇಡಿ, ತಟ್ಟಿ ನೋಡಿ. ಮೂಲೆಗಳ ಹತ್ತಿರ, ತಲೆಗಿಂತ ಮೇಲಿನ ಸಾಲಿನಲ್ಲಿ ತಟ್ಟುವುದನ್ನು ಮರೆಯಬೇಡಿ.